ಹತ್ತುಮೀನಿಗೆ ದಾರಿ ಬಿಡೋಣ



ಹತ್ತುಮೀನು ಅಂದರೆ ಏನೆಂದು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಹೇಳಬೇಕಾಗಿಲ್ಲ. ಮುಂಗಾರಿನ ದೊಡ್ಡ ಮಳೆ ಹೊಡೆದು ಹಳ್ಳಕ್ಕೆ ಕೆಂಪು ನೀರು ಬಂದಾಗ ಮೀನುಗಳು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ. ನಾವು ಬ್ಯಾಟರಿ, ಕತ್ತಿ ಹಿಡಿದು ಹೋಗುತ್ತೇವೆ. ಗದ್ದೆ ನೀರು ಇಳಿಯುವ ಕಂಡಿಗೆ ಕೂಳಿ ಇಡುತ್ತೇವೆ. ಆದರೆ ಮೀನು ಯಾಕೆ ಹತ್ತುತ್ತದೆ ಎಂದು ನಾನು ಯೋಚಿಸಿಯೇ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ದೊಡ್ಡಪ್ಪ ಮತ್ತು ನಾನು ತಂದ ಮೀನನ್ನು ಅಮ್ಮ ಕೊಯ್ದಾಗ ಹೊಟ್ಟೆ ತುಂಬ ಮೊಟ್ಟೆ ಇತ್ತು. ಹೆಚ್ಚುಕಡಿಮೆ ಎಲ್ಲದರಲ್ಲೂ ಹಾಗೇ. ಅಜ್ಜ ನೋಡಿ, "ಬಸುರಿ ಮೀನು ಮಾರಾಯ, ಮೊಟ್ಟೆ ಇಡೋದಕ್ಕೆ ಬರ್ತಾವೆ. ನಮ್ಮ ಕಾಲದಲ್ಲಿ ಒಂದೇ ರಾತ್ರಿಗೆ ಕೂಳಿ ತುಂಬ್ತಿತ್ತು. ಈಗ ತಳ ಮುಚ್ಚಿದ್ರೆ ಹೆಚ್ಚು" ಅಂದರು.

ಹೊಳೆಯ ನಡುವೆ ಸೆಳವು ಜಾಸ್ತಿ. ಮರಿಗಳನ್ನು ತಿನ್ನುವ ದೊಡ್ಡ ಮೀನುಗಳೂ ಅಲ್ಲಿವೆ. ಮೊಣಕಾಲುದ್ದದ ನೀರಿನಲ್ಲಿ ಹುಲ್ಲಿನ ಮರೆ ಇರುತ್ತದೆ. ಕೊಳೆತ ಎಲೆಯಲ್ಲಿ ಹುಟ್ಟುವ ಸಣ್ಣ ಹುಳಗಳೇ ಮರಿಗಳ ಊಟ. ಕೊರವ ಮೀನಂತೂ ಅಂಚಿನ ಜೊಂಡಿನಲ್ಲಿ ಗೂಡು ಮಾಡಿ ಮರಿಗಳನ್ನು ಕಾಯುತ್ತದೆ. ನರಸಿಂಹರಾಜಪುರದ ಹತ್ತಿರ ಭದ್ರಾ ಹಿನ್ನೀರಿನ ಅಂಚೂ ಇಂಥದೇ ತೊಟ್ಟಿಲು.

ಘಟ್ಟದ ಕೆಳಗೂ ಇದೇ ಕತೆ. ಕುಮಟಾ ಹತ್ತಿರದ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ಗಿಡಗಳ ಬೇರಿನ ನಡುವೆ ಮೀನು, ಸೀಗಡಿ ಮರಿಗಳು ಬೆಳೆಯುತ್ತವೆ. ಅದಕ್ಕೇ ಕರಾವಳಿಯಲ್ಲಿ ಅರಣ್ಯ ಇಲಾಖೆಯವರು ಕಾಂಡ್ಲಾ ಸಸಿ ನೆಟ್ಟು ಬೆಳೆಸಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ರಾಜ್ಯದ ಸಮುದ್ರದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅಷ್ಟು ದೊಡ್ಡ ಸಮುದ್ರಕ್ಕೇ ರಜೆ ಕೊಡುವಾಗ ನಮ್ಮ ಹಳ್ಳಕ್ಕೆ ಬೇಡವೇ?

ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಬಳಿ ನಾವೆಲ್ಲ ಮೀನಿಗೆ ಮಂಡಕ್ಕಿ ಹಾಕಿದ್ದೇವೆ. ಅಲ್ಲಿ ಯಾರೂ ಮೀನು ಹಿಡಿಯುವುದಿಲ್ಲ. ಆದ್ದರಿಂದಲೇ ಅವು ಅಷ್ಟು ದೊಡ್ಡದಾಗಿ ಬೆಳೆದಿವೆ. ದೇವರ ಮೀನನ್ನು ಕಾಯುವ ನಾವು ಬಸುರಿ ಮೀನನ್ನೂ ಕಾಯಬಹುದು.

ಇನ್ನೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಅಡಿಕೆಗೆ ಕೊಳೆರೋಗ ಬರದಂತೆ ಬೋರ್ಡೋ ಹೊಡೆದ ಮೇಲೆ ನಾನೇ ಡ್ರಮ್ಮನ್ನು ಹಳ್ಳದಲ್ಲಿ ತೊಳೆದಿದ್ದೆ. ಅದರಲ್ಲಿರುವ ಮೈಲುತುತ್ತ ಮೀನಿಗೆ ವಿಷ. ಔಷಧಿ ಹೊಡೆಯುವುದೂ ಮೀನು ಮರಿ ಮಾಡುವುದೂ ಒಂದೇ ಮಳೆಗಾಲದಲ್ಲಿ!

ನಮ್ಮಿಂದ ಆಗುವುದು ಇಷ್ಟು:
1. ಮೊದಲ ಮಳೆಗೆ ಹತ್ತುವ ಮೀನನ್ನು ಹಿಡಿಯಬಾರದು.
2. ಆಮೇಲೆ ಕೂಳಿ ಇಟ್ಟರೂ ಮರಿ ನುಸುಳುವಷ್ಟು ಸಂದು ಬಿಡಬೇಕು.
3. ಹಳ್ಳದ ಅಂಚಿನ ಗಿಡ, ಜೊಂಡನ್ನು ಪೂರ್ತಿ ಸವರಬಾರದು.
4. ಔಷಧಿ ಡ್ರಮ್ಮನ್ನು ಹಳ್ಳದಿಂದ ದೂರ ತೊಳೆಯಬೇಕು.

ಇದನ್ನು ಹೇಳಿದಾಗ ದೊಡ್ಡಪ್ಪ ಮೊದಲು ನಕ್ಕರು. "ನಾವು ಬಿಟ್ರೆ ಪಕ್ಕದ ಗದ್ದೆಯವರು ಹಿಡೀತಾರೆ" ಅಂದರು. ಅದೂ ನಿಜವೇ. ಅದಕ್ಕೇ ಈ ಲೇಖನವನ್ನು ಎಲ್ಲರೂ ಓದುವ ಗೋಡೆಯ ಮೇಲೆ ಬರೆದಿದ್ದೇನೆ. ಮರುದಿನ ನೋಡಿದರೆ ದೊಡ್ಡಪ್ಪ ಕೂಳಿಯನ್ನು ಅಟ್ಟಕ್ಕೆ ಹಾಕಿದ್ದರು. "ಮೊದಲ ಮಳೆ ಹೋಗ್ಲಿ, ಆಮೇಲೆ ನೋಡೋಣ" ಅಂದರು.

ಪಕ್ಕದ ಗದ್ದೆಯ ಮನೆಯವರೂ ನಮ್ಮ ಶಾಲೆಯಲ್ಲೇ ಓದುತ್ತಿದ್ದೀರಿ. ನಿಮ್ಮ ಮನೆಯಲ್ಲೂ ಒಂದು ಮಾತು ಹೇಳಿ ನೋಡಿ.