ಗಂಡಭೇರುಂಡವು ನಿಜವಾದ ಹಕ್ಕಿಯಾಗಿದ್ದರೆ

ನಮ್ಮ ರಾಜ್ಯದ ಲಾಂಛನದಲ್ಲಿರುವ ಎರಡು ತಲೆಯ ಹಕ್ಕಿಯನ್ನು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ಮೈಸೂರು ಅರಸರ ಲಾಂಛನವೂ ಅದೇ ಆಗಿತ್ತು. ಬಳ್ಳಿಗಾವೆಯಲ್ಲಿ ಚಾವುಂಡರಾಯರಸನು ೧೦೪೭ರಲ್ಲಿ ನಿಲ್ಲಿಸಿದ ಕಂಬದ ಮೇಲೆ ಅದು ಮನುಷ್ಯನ ಮೈಯನ್ನು ಹೊತ್ತು ನಿಂತಿದೆ. ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಂತೂ ಆನೆಗಳನ್ನೇ ಕೊಕ್ಕಿನಲ್ಲಿಯೂ ಉಗುರಿನಲ್ಲಿಯೂ ಹಿಡಿದಿದೆ. ಇಂಥದೊಂದು ಪ್ರಾಣಿಜಾತಿ ನಿಜವಾಗಿಯೂ ಇರುವುದಾದರೆ ಅದರ ಬದುಕು ಹೇಗಿರಬೇಕು? ವಿನೋದಕ್ಕಾಗಿಯಾದರೂ ವಿಚಾರಮಾಡಿ ನೋಡೋಣ.

ಮೊದಲು ತೂಕದ ಮಾತು. ಹಕ್ಕಿಯೊಂದರ ಉದ್ದ, ಅಗಲ, ಎತ್ತರಗಳನ್ನು ಇಮ್ಮಡಿಗೊಳಿಸಿದರೆ ರೆಕ್ಕೆಯ ಹರಹು ನಾಲ್ಮಡಿಯಾಗುತ್ತದೆ. ಮೈತೂಕವಾದರೋ ಎಂಟು ಮಡಿಯಾಗುತ್ತದೆ. ಗಾತ್ರ ಬೆಳೆದಂತೆ ಭಾರವು ಬಲವನ್ನು ಮೀರುವ ಈ ಲೆಕ್ಕವನ್ನು ಗೆಲಿಲಿಯೋ ೧೬೩೮ರಲ್ಲಿಯೇ ತಿಳಿಸಿದ್ದನು. ಆನೆಮರಿಯೇ ಹುಟ್ಟುವಾಗ ಸುಮಾರು ೧೦೦ ಕಿಲೋಗ್ರಾಂ ತೂಗುತ್ತದೆ. ಹದ್ದುಗಳು ತಮ್ಮ ಮೈತೂಕಕ್ಕಿಂತ ಬಹಳ ಹೆಚ್ಚಿನದನ್ನು ಹೊತ್ತು ಹಾರಲಾರವು. ಹಾಗಾದರೆ ಬೆಳೆದ ಆನೆಯನ್ನು ಎತ್ತುವ ಹಕ್ಕಿ ತಾನೇ ಹಲವು ಟನ್ ತೂಗಬೇಕು. ಅಷ್ಟು ತೂಗಿದರೆ ಅದು ನೆಲಬಿಟ್ಟು ಏಳಲಾರದು.

ಇನ್ನು ತಲೆಗಳ ಮಾತು. ಎರಡು ತಲೆಯ ಹಾವಿನ ಮರಿಗಳು ಅಪೂರ್ವವಾಗಿ ಹುಟ್ಟುವುದುಂಟು. ಅವು ಭ್ರೂಣದಲ್ಲಿ ಪೂರ್ಣವಾಗಿ ಬೇರ್ಪಡದ ಅವಳಿಗಳು, ಬೇರೊಂದು ಜಾತಿಯಲ್ಲ. ಒಂದು ತಲೆ ಅತ್ತ ಎಳೆದರೆ ಇನ್ನೊಂದು ಇತ್ತ ಎಳೆಯುವುದರಿಂದ ಕಾಡಿನಲ್ಲಿ ಅವು ಬಹುಕಾಲ ಬಾಳುವುದಿಲ್ಲ. ಪಂಚತಂತ್ರಕಾರನು ಇದನ್ನು ಅರಿತಿದ್ದನೆಂದು ತೋರುತ್ತದೆ. ಅವನ ಭಾರುಂಡಪಕ್ಷಿಗೆ ಹೊಟ್ಟೆ ಒಂದು, ತಲೆ ಎರಡು. ಸಿಹಿಹಣ್ಣು ತನಗೆ ಸಿಗಲಿಲ್ಲವೆಂದು ಒಂದು ತಲೆ ಮುನಿದು ವಿಷವನ್ನು ತಿಂದಿತು; ಸತ್ತದ್ದು ಎರಡೂ.

ಹಾಗಾದರೆ ಹಾರಬಲ್ಲ ದೊಡ್ಡ ಹಕ್ಕಿ ಎಂಥದು? ದೂರ ಹೋಗಬೇಕಾಗಿಲ್ಲ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳ ಕಡೆಯವರು ಎರೆಭೂತವೆಂದು ಕರೆಯುವ ಹಕ್ಕಿಯೊಂದುಂಟು. ಗಂಡುಹಕ್ಕಿ ೧೫ ಕಿಲೋಗ್ರಾಂವರೆಗೆ ತೂಗುತ್ತದೆ. ಹಾರುವ ಹಕ್ಕಿಗಳಲ್ಲಿ ಅತಿ ಭಾರವಾದವುಗಳ ಸಾಲಿಗೆ ಸೇರಿದುದು. ಆದರೆ ಭಾರಕ್ಕೆ ಇದು ತೆರುವ ಬೆಲೆ ನೋಡಿ: ಹಾರುವಾಗ ಥಟ್ಟನೆ ತಿರುಗಲಾರದು. ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಎದುರಿಗಿರುವ ವಿದ್ಯುತ್ ತಂತಿಯನ್ನು ದೂರದಿಂದ ಕಾಣದೆ ಬಡಿದು ಸಾಯುತ್ತದೆ. ಸಾಮಾನ್ಯವಾಗಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. ಆದಕಾರಣ ಕಳೆದುಹೋದುದು ಬೇಗ ತುಂಬಿಬರುವುದಿಲ್ಲ. ಈಗ ದೇಶದ ಬಯಲುಗಳಲ್ಲೆಲ್ಲ ಕೂಡಿ ೨೦೦ಕ್ಕೂ ಕಡಿಮೆ ಉಳಿದಿವೆ. ಅವುಗಳಲ್ಲಿ ಬಹುಪಾಲು ರಾಜಸ್ಥಾನದವು, ನಮ್ಮಲ್ಲಿರುವುದು ಬೆರಳೆಣಿಕೆಯಷ್ಟು.

ಗಂಡಭೇರುಂಡಕ್ಕೆ ಹುಲ್ಲುಗಾವಲು ಬೇಡ, ಮೊಟ್ಟೆಯಿಡಲು ನೆಲ ಬೇಡ. ಕಲ್ಲಿನಲ್ಲಿಯೂ ಲಾಂಛನದಲ್ಲಿಯೂ ಅದು ಸುಖವಾಗಿರುತ್ತದೆ. ಎರೆಭೂತಕ್ಕೆ ಇವೆಲ್ಲವೂ ಬೇಕು. ಹುಲ್ಲುಬಯಲನ್ನು ಕಂಡಾಗ ಅದು ಬೀಳುಭೂಮಿ, ಉತ್ತು ಉಪಯೋಗಿಸಬಹುದೆಂದು ನಾವು ಹೇಳಿಬಿಡುತ್ತೇವೆ. ಅದು ಒಂದು ಹಕ್ಕಿಯ ಮನೆ. ಇನ್ನು ಮುಂದೆ ಲಾಂಛನವನ್ನು ನೋಡಿದಾಗ, ಒಂದೇ ತಲೆಯ ಈ ದೊಡ್ಡ ಹಕ್ಕಿಯನ್ನೂ ದಯವಿಟ್ಟು ನೆನೆಯಿರಿ.