ವಾರಂಟಿ ಸೆಟ್ಟಿಗೆ, ತಂತಿಗಲ್ಲ

ಆವರಗೆರೆಯ ಮನೆಯ ಮಾಳಿಗೆ ಮೇಲೆ ಸುಮಾರು 20 ಮೀಟರ್ ತಂತಿ ಎಳೆದು 7.1 ಮೆಗಾಹರ್ಟ್ಸ್‌ನಲ್ಲಿ ಹಗಲು ಹೊತ್ತು ಕರೆದರೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಹ್ಯಾಮ್‌ಗಳು (ಹವ್ಯಾಸಿ ರೇಡಿಯೊದವರು) ಸಾಮಾನ್ಯವಾಗಿ ಓಗೊಡುತ್ತಾರೆ. ತರಂಗ ಮೇಲೇರಿ ಅಯಾನುಗೋಳಕ್ಕೆ ತಗುಲಿ, ಕೆಲವು ನೂರು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕೆಳಗಿಳಿಯುತ್ತದೆ. ಆದರೆ ಪರವಾನಗಿ ಪಡೆದು, ವಿಯು3 ಕರೆಸಂಕೇತ ಸಿಕ್ಕ ಖುಷಿಯಲ್ಲಿ ದುಬಾರಿ ರೇಡಿಯೊ ಸೆಟ್ಟು ತಂದವರಿಗೆ ಬರೀ ಗೊರಗೊರ ಸದ್ದು ಕೇಳಿಸಿದರೆ, ಕರೆದರೂ ಯಾರೂ ಓಗೊಡದಿದ್ದರೆ, ಮೊದಲು ನೆನಪಾಗುವುದು ವಾರಂಟಿ ಕಾರ್ಡು. ಸೆಟ್ಟನ್ನು ಡಬ್ಬಕ್ಕೆ ತುಂಬಿ ವಾಪಸ್ ಕಳಿಸುತ್ತಾರೆ. ಕೆಲವು ವಾರಗಳ ಮೇಲೆ ಅದು "ದೋಷ ಕಂಡುಬಂದಿಲ್ಲ" ಎಂಬ ಚೀಟಿಯೊಂದಿಗೆ ಮರಳಿ ಬರುತ್ತದೆ. ಕಂಪನಿಯವರು ಸುಳ್ಳು ಹೇಳಿರಲೇಬೇಕೆಂದಿಲ್ಲ. ಅವರ ಮೇಜಿನ ಮೇಲೆ ಸೆಟ್ಟು ಚೆನ್ನಾಗಿಯೇ ನಡೆದಿರಬಹುದು. ಮನೆಯಲ್ಲಿರುವ ತಂತಿ, ಕೇಬಲ್, ಬ್ಯಾಟರಿ, ಅಕ್ಕಪಕ್ಕದ ವಿದ್ಯುತ್ ಗದ್ದಲ ಯಾವುದೂ ಸೆಟ್ಟಿನ ಜೊತೆ ಅಲ್ಲಿಗೆ ಹೋಗಿರುವುದಿಲ್ಲ.

ಹಾಗಾಗಿ ದೂರು ಬರೆಯುವ ಮುಂಚೆ ಸೆಟ್ಟನ್ನು ಅದರ ಪರಿಸರದಿಂದ ಬೇರ್ಪಡಿಸಿ ನೋಡಬೇಕು. ಕಿವಿಯಿಂದ ಶುರು ಮಾಡಬಹುದು. ಗದ್ದಲ ಬರುತ್ತಿರುವಾಗ ಆಂಟೆನಾ ಕೇಬಲನ್ನು ಕಳಚಿ. ಸದ್ದು ಥಟ್ಟನೆ ಇಳಿದರೆ ಗದ್ದಲ ಹೊರಗಿನದು, ಸೆಟ್ಟಿನ ಕಿವಿ ಚುರುಕಾಗಿಯೇ ಇದೆ ಎಂದರ್ಥ. 7 ಮೆಗಾಹರ್ಟ್ಸ್‌ನಂಥ ಕೆಳಗಿನ ಪಟ್ಟಿಗಳಲ್ಲಿ ರಿಸೀವರಿನ ಸ್ವಂತ ಗದ್ದಲಕ್ಕಿಂತ ಹೊರಗಿನ ಗದ್ದಲವೇ ಎಷ್ಟೋ ಪಾಲು ಹೆಚ್ಚು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಸೋಲಾರ್ ಇನ್ವರ್ಟರು, ಪಂಪ್‌ಸೆಟ್ಟಿನ ಸ್ಟಾರ್ಟರು ಎಲ್ಲವೂ ಗಾಳಿಗೆ ಏನಾದರೊಂದು ಎಸೆಯುತ್ತಲೇ ಇರುತ್ತವೆ. ಎಲ್ಲರೂ ಬೈದುಕೊಳ್ಳುವ ಪವರ್‌ಕಟ್ ಇಲ್ಲಿ ಬಿಟ್ಟಿ ಪ್ರಯೋಗಾಲಯ. ಬೀದಿಗೆ ಬೀದಿಯೇ ಕತ್ತಲಾದಾಗ ಸೆಟ್ಟನ್ನು ಬ್ಯಾಟರಿಯಲ್ಲಿ ಓಡಿಸಿ ಕೇಳಿ. ಆಗ ಸಿಗ್ನಲ್‌ಗಳು ಎದ್ದು ಬಂದರೆ ಸೆಟ್ಟನ್ನು ಬದಲಾಯಿಸಿ ಪ್ರಯೋಜನವಿಲ್ಲ. ಒಣ ಹವೆಯಲ್ಲಿ ಜೋರಾಗಿದ್ದು, ಮಳೆ ಬಂದೊಡನೆ ಅಡಗುವ ಚರಚರ ಸದ್ದಾದರೆ ಕಂಬದ ಮೇಲಿನ ಸಡಿಲ ಜೋಡಣೆಯ ಕಿಡಿಯನ್ನು ಶಂಕಿಸಬೇಕು. ಆ ದೂರು ಹೋಗಬೇಕಾದದ್ದು ವಿದ್ಯುತ್ ಕಚೇರಿಗೆ.

ಪ್ರಸಾರದ ದೌರ್ಬಲ್ಯ ಇನ್ನೂ ಕುತಂತ್ರಿ. 100 ವ್ಯಾಟ್ ಸೆಟ್ಟು ಪೂರ್ಣ ಶಕ್ತಿಯಲ್ಲಿ ಸುಮಾರು 20 ಆಂಪಿಯರ್ ಎಳೆಯುತ್ತದೆ. ಬಹುಪಾಲು ಸೆಟ್ಟುಗಳು 13.8 ವೋಲ್ಟಿಗೆ ತಯಾರಾದವು. ಅದರಲ್ಲಿ ಶೇಕಡಾ 15ರಷ್ಟು ಏರಿಳಿತವಾದರೆ ತಡೆದುಕೊಳ್ಳುತ್ತವೆ, ಅಂದರೆ ಕೆಳಗಿನ ಮಿತಿ 11.7 ವೋಲ್ಟ್. ಈಗ ಬ್ಯಾಟರಿಯಿಂದ ಸೆಟ್ಟಿಗೆ 2.5 ಚದರ ಮಿಲಿಮೀಟರಿನ ಮನೆ ವೈರಿಂಗ್ ತಂತಿಯನ್ನು 3 ಮೀಟರ್ ಎಳೆದಿದ್ದೀರಿ ಎನ್ನಿ. ಹೋಗಿ ಬರುವ ದಾರಿ 6 ಮೀಟರ್, ರೋಧ ಸುಮಾರು 0.044 ಓಮ್. 20 ಆಂಪಿಯರ್ ಹರಿದಾಗ ತಂತಿಯೇ 0.9 ವೋಲ್ಟ್ ನುಂಗುತ್ತದೆ. ಬ್ಯಾಟರಿಯಲ್ಲಿ 12.4 ಇದ್ದರೂ ಸೆಟ್ಟಿಗೆ ತಲುಪುವುದು 11.5. ಮೈಕಿನ ಗುಂಡಿ ಒತ್ತದಿದ್ದಾಗ ಅಳೆದರೆ ಮೀಟರು 12.4 ಎಂದೇ ತೋರಿಸುತ್ತದೆ, ಮೋಸ ಗೊತ್ತಾಗುವುದಿಲ್ಲ. ಪ್ರಸಾರ ಮಾಡುತ್ತಿರುವಾಗಲೇ, ಸೆಟ್ಟಿನ ಹಿಂಬದಿಯಲ್ಲೇ ಅಳೆಯಬೇಕು.

ಕೇಬಲ್ಲಿನದು ಬೇರೆಯದೇ ಕಥೆ. 145 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ಎಂಬ ತೆಳು ಕೋಆಕ್ಸ್ 30 ಮೀಟರಿಗೆ ಹತ್ತಿರಹತ್ತಿರ 6 ಡೆಸಿಬಲ್ ತಿನ್ನುತ್ತದೆ. 50 ವ್ಯಾಟ್ ಹೊರಟರೆ ಮೇಲೆ ಮುಟ್ಟುವುದು 12 ವ್ಯಾಟ್ ಚಿಲ್ಲರೆ. ಮೇಲಿನಿಂದ ಹಿಂದಕ್ಕೆ ಪುಟಿದು ಬರುವ ಶಕ್ತಿಯೂ ಅದೇ ದಾರಿಯಲ್ಲಿ ಇನ್ನೊಂದು 6 ಡೆಸಿಬಲ್ ಕಳೆದುಕೊಳ್ಳುತ್ತದೆ. ಪರಿಣಾಮವಾಗಿ ಆಂಟೆನಾ ಪೂರಾ ಕಿತ್ತುಬಿದ್ದಿದ್ದರೂ ಕೆಳಗೆ ಸೆಟ್ಟಿನ ಬಳಿ ಈ ಪುಟಿತವನ್ನು ಅಳೆಯುವ ಎಸ್‌ಡಬ್ಲ್ಯೂಆರ್ ಮೀಟರು 1.7ರ ಆಸುಪಾಸು ತೋರಿಸಿ ಎಲ್ಲ ಕ್ಷೇಮ ಎನ್ನುತ್ತದೆ! ಕೆಟ್ಟ ಕೇಬಲ್ ಒಳ್ಳೆಯ ಸರ್ಟಿಫಿಕೇಟು ಕೊಡುತ್ತದೆ. ಕೇಬಲ್ ಚೆನ್ನಾಗಿದ್ದು ಆಂಟೆನಾ ಹೊಂದದಿದ್ದರೆ ಇದರ ಉಲ್ಟಾ. ಎಸ್‌ಡಬ್ಲ್ಯೂಆರ್ 3ರ ಹತ್ತಿರ ಏರಿದಾಗ ಸೆಟ್ಟಿನೊಳಗಿನ ರಕ್ಷಣಾ ಸರ್ಕೀಟು ತಾನೇ ಶಕ್ತಿ ಇಳಿಸುತ್ತದೆ. ನಾವು ದೋಷ ಅಂದುಕೊಳ್ಳುವುದು ಸೆಟ್ಟಿನ ವಿವೇಕ.

ಇಷ್ಟನ್ನೂ ಒಂದೇ ಏಟಿಗೆ ಬದಿಗಿಡುವ ಸಾಧನ ಡಮ್ಮಿ ಲೋಡ್. 50 ಓಮ್‌ನ, ಶಾಖ ತಾಳುವ ರೋಧಕ, ಅಷ್ಟೇ. ಆಂಟೆನಾ ಬದಲು ಇದನ್ನು ಹಾಕಿ, ನಡುವೆ ಪವರ್ ಮೀಟರ್ ಇಟ್ಟು, ಎಫ್‌ಎಂ ಅಥವಾ ಮೋರ್ಸ್ ಕ್ರಮದಲ್ಲಿ ಒತ್ತಿ. ಎಸ್‌ಎಸ್‌ಬಿ ಎಂಬ ಕ್ರಮದಲ್ಲಿ ಮಾತಿನ ಏರಿಳಿತಕ್ಕೆ ತಕ್ಕಂತೆ ಮೀಟರಿನ ಮುಳ್ಳು ಕುಣಿಯುವುದರಿಂದ ಕಡಿಮೆ ತೋರಿಸುವುದು ಸಹಜ, ಅದನ್ನು ದೂರಿನಲ್ಲಿ ಬರೆದರೆ ನಗೆಪಾಟಲು. ಸೆಟ್ಟಿಗೆ 13.8 ವೋಲ್ಟ್ ಸಿಗುತ್ತಿದ್ದು, ಡಮ್ಮಿ ಲೋಡಿನಲ್ಲಿ 100ರ ಜಾಗದಲ್ಲಿ 50 ಬಂದರೆ ತಪ್ಪು ಸೆಟ್ಟಿನದೇ. ಆದರೆ ಈ ಅರ್ಧದ ಕೊರತೆ ಆಚೆಯವರಿಗೆ ಹೆಚ್ಚುಕಮ್ಮಿ ಗೊತ್ತೇ ಆಗುವುದಿಲ್ಲ. ಅರ್ಧ ಅಂದರೆ 3 ಡೆಸಿಬಲ್. ಸಿಗ್ನಲ್ ಮೀಟರಿನ ಒಂದು ಎಸ್-ಮಾನಕ್ಕೆ 6 ಡೆಸಿಬಲ್ ಬೇಕು, ಅಂದರೆ 100 ವ್ಯಾಟ್ 25ಕ್ಕೆ ಇಳಿಯಬೇಕು. "ಹರಿಹರದ ಗೆಳೆಯರಿಗೆ ನಾನು ಸರಿಯಾಗಿ ಕೇಳಿಸುತ್ತಿಲ್ಲ" ಎಂಬ ದೂರಿಗಿಂತ ಮೀಟರಿನ ಒಂದು ಫೋಟೊ ಮೇಲು. ಗೆಳೆಯರಿಂದ ಬೇರೆ ಉಪಯೋಗವಿದೆ. ಅವರ ಸೆಟ್ಟನ್ನು ನಿಮ್ಮದೇ ಆಂಟೆನಾ, ನಿಮ್ಮದೇ ಬ್ಯಾಟರಿಗೆ ಹಾಕಿ, ಎರಡನ್ನೂ ಕೆಲವೇ ನಿಮಿಷಗಳ ಅಂತರದಲ್ಲಿ ಹೋಲಿಸಬಹುದು. ಅಯಾನುಗೋಳ ಗಂಟೆಗಂಟೆಗೂ ಬದಲಾಗುವುದರಿಂದ ನಿನ್ನೆಯ ಸೆಟ್ಟಿಗೂ ಇವತ್ತಿನ ಸೆಟ್ಟಿಗೂ ಹೋಲಿಕೆ ಸಲ್ಲದು.

ಅಳತೆ ಕೈಯಲ್ಲಿದ್ದರೆ ಕಾನೂನೂ ಜೊತೆಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು. ಅದರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು. ಮಾರಿದವರು ದೆಹಲಿಯಲ್ಲಿದ್ದರೂ ಆವರಗೆರೆಯವರು ದಾವಣಗೆರೆ ದಾಟಬೇಕಿಲ್ಲ. ಗಡುವು ಎರಡು ವರ್ಷ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ಮೊದಲ ಮೆಟ್ಟಿಲಾಗಿ 1915 ಸಹಾಯವಾಣಿ ಇದೆ. ನನಗೆ ಹೆಚ್ಚು ಹಿಡಿಸಿದ್ದು ಕಾಯ್ದೆಯ 38ನೇ ಸೆಕ್ಷನ್. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗವು ವಸ್ತುವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿ, 45 ದಿನದಲ್ಲಿ ವರದಿ ಕೇಳಬಹುದು. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಚಟವನ್ನು ವಾರಂಟಿ ಮುಗಿಯುವವರೆಗೆ ಅದುಮಿಡಿ. ಒಳಗೆ ಕೈ ಹಾಕಿದ ಸೆಟ್ಟಿನ ವರದಿಗೆ ಬೆಲೆ ಕಮ್ಮಿ. ಪರವಾನಗಿ ಇಲ್ಲದೆ, ಬಿಲ್ಲಿಲ್ಲದೆ, ಸಂಬಂಧಿಕರ ಸೂಟ್‌ಕೇಸಿನಲ್ಲಿ ಬಂದ ಸೆಟ್ಟಾದರೆ ಇವಾವುದೂ ಸುಲಭವಲ್ಲ. ಎಷ್ಟೋ ವಾರಂಟಿಗಳು ಕೊಂಡ ದೇಶಕ್ಕಷ್ಟೇ ಸಲ್ಲುತ್ತವೆ.

ಒಂದು ಜಾತಿಯ ದೋಷ ಮಾತ್ರ ಇಷ್ಟೆಲ್ಲ ಮಾಡಿದರೂ ತಪ್ಪಿಸಿಕೊಳ್ಳುತ್ತದೆ: ಕಾದ ಮೇಲಷ್ಟೇ ಕಾಣಿಸುವುದು. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯಲ್ಲಿ ಅರ್ಧ ಗಂಟೆ ಓಡಿದ ಮೇಲೆ ಆವರ್ತನ ಜಾರುವ, ಶಕ್ತಿ ಕುಸಿಯುವ ಸೆಟ್ಟು, ಎ.ಸಿ. ಕೋಣೆಯ ಸರ್ವಿಸ್ ಮೇಜಿನಲ್ಲಿ ಐದು ನಿಮಿಷಕ್ಕೆ ಸಜ್ಜನನಂತೆ ನಡೆದುಕೊಳ್ಳುತ್ತದೆ. ಡಮ್ಮಿ ಲೋಡ್ ಮೇಲೆ ಓಡಿಸಿ, ಐದೈದು ನಿಮಿಷಕ್ಕೆ ವ್ಯಾಟು, ವೋಲ್ಟು, ಕೋಣೆಯ ಉಷ್ಣತೆ ಬರೆದುಕೊಂಡು, ಆ ಹಾಳೆಯನ್ನು ಸೆಟ್ಟಿನ ಜೊತೆಗೇ ಡಬ್ಬಕ್ಕೆ ಹಾಕಿ ಕಳಿಸಿ. ಪರೀಕ್ಷೆಯನ್ನು ಅಷ್ಟೇ ಹೊತ್ತು ಓಡಿಸಿ ನೋಡಬೇಕೆಂದು ಹಾಳೆಯ ತುದಿಯಲ್ಲೇ ಕೇಳಿಕೊಳ್ಳಿ.