ದೀಕ್ಷಾಸ್ನಾನ: ಅರ್ಥ ಮತ್ತು ಆಚರಣೆ

ಕ್ರೈಸ್ತ ಧರ್ಮದ ಸಂಸ್ಕಾರಗಳಲ್ಲಿ ದೀಕ್ಷಾಸ್ನಾನಕ್ಕೆ ಮೊದಲ ಸ್ಥಾನವಿದೆ. ಕನ್ನಡ ಕ್ರೈಸ್ತರಲ್ಲಿ ಇದಕ್ಕೆ ಜ್ಞಾನಸ್ನಾನ, ಸ್ನಾನದೀಕ್ಷೆ ಎಂಬ ಹೆಸರುಗಳೂ ಉಂಟು. ಹೊಸ ಒಡಂಬಡಿಕೆಯ ಮೂಲದಲ್ಲಿರುವ ಗ್ರೀಕ್ ಕ್ರಿಯಾಪದಕ್ಕೆ ಅದ್ದು, ಮುಳುಗಿಸು ಎಂಬ ಅರ್ಥವಿದೆ. ಸ್ನಾನ ಮೈಕೊಳೆಯನ್ನು ತೊಳೆಯುತ್ತದೆ. ಮುಳುಗುವವನಾದರೋ ಕ್ಷಣಕಾಲ ಲೋಕದಿಂದಲೇ ಮರೆಯಾಗುತ್ತಾನೆ. ಈ ಸಂಸ್ಕಾರದ ತಿರುಳು ಇಲ್ಲಿದೆ.

ಯೆಹೂದ್ಯರಲ್ಲಿ ರೂಢಿಯಲ್ಲಿದ್ದ ಶುದ್ಧೀಕರಣದ ಸ್ನಾನಗಳು ಮತ್ತೆ ಮತ್ತೆ ನಡೆಯುವಂಥವು. ಯೋಹಾನನು ಯೊರ್ದನ್ ನದಿಯಲ್ಲಿ ಮಾಡಿಸಿದ ಸ್ನಾನ ಪಶ್ಚಾತ್ತಾಪದ ಗುರುತಾಗಿತ್ತು. ಯೇಸುವೂ ಅದನ್ನು ಪಡೆದನೆಂದು ಮಾರ್ಕನ ಸುವಾರ್ತೆಯ 1ನೆಯ ಅಧ್ಯಾಯ ತಿಳಿಸುತ್ತದೆ. ಇದಕ್ಕೆ ಹೊಸ ಆಳ ದೊರೆತದ್ದು ಪೌಲನಿಂದ. ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಅವನು ದೀಕ್ಷಾಸ್ನಾನವನ್ನು ಕ್ರಿಸ್ತನೊಡನೆ ಸತ್ತು ಹೂಳಲ್ಪಡುವುದಕ್ಕೆ, ಹೊಸ ಬಾಳಿನಲ್ಲಿ ನಡೆಯುವುದಕ್ಕೆ ಸಂಬಂಧಿಸುತ್ತಾನೆ. ಮರಣವು ಒಮ್ಮೆ ಮಾತ್ರ ಬರುವಂತೆ ಈ ಸ್ನಾನವೂ ಒಮ್ಮೆ ಮಾತ್ರ. ಗಲಾತ್ಯದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಂತೆ, ಇದನ್ನು ಪಡೆದವರಲ್ಲಿ ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ, ಗಂಡು-ಹೆಣ್ಣು ಎಂಬ ಭೇದ ಉಳಿಯುವುದಿಲ್ಲ.

ಆಚರಣೆಯಲ್ಲಿ ಆರಂಭದಿಂದಲೂ ಸಡಿಲಿಕೆಯಿತ್ತು. ಆದಿ ಸಭೆಯ ‘ದಿದಾಖೆ’ ಎಂಬ ಗ್ರಂಥ ಹರಿಯುವ ನೀರನ್ನು ಮೇಲೆಂದು ಎಣಿಸಿದರೂ, ನೀರು ಸಾಲದಿದ್ದರೆ ತಲೆಯ ಮೇಲೆ ಮೂರು ಬಾರಿ ಸುರಿಯಬಹುದೆಂದು ಒಪ್ಪುತ್ತದೆ. ತೀವ್ರ ವಿವಾದ ಎದ್ದದ್ದು ದೀಕ್ಷೆ ಪಡೆಯುವವರು ಯಾರೆಂಬ ಬಗೆಗೆ. ದೇವರ ಕೃಪೆ ಮನುಷ್ಯನ ನಂಬಿಕೆಗಿಂತ ಮುಂಚಿನದು, ಆದುದರಿಂದ ಶಿಶುವಿಗೂ ಅದು ಸಲ್ಲುತ್ತದೆ ಎಂಬುದು ಕಥೋಲಿಕ, ಆರ್ಥೊಡಾಕ್ಸ್, ಲುಥೆರನ್ ಮೊದಲಾದ ಸಭೆಗಳ ನಿಲುವು. ತಿಳಿದು ನಂಬಿದವನಿಗೆ ಮಾತ್ರ ದೀಕ್ಷೆ ಎಂಬುದು ಬ್ಯಾಪ್ಟಿಸ್ಟ್, ಪೆಂತೆಕೋಸ್ತ ಮೊದಲಾದ ಸಭೆಗಳ ವಾದ.

ಈ ಭಿನ್ನತೆಗೆ ಪ್ರಾಣವೂ ಬಲಿಯಾಯಿತು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಕೆಲವರು ಶೈಶವದ ದೀಕ್ಷೆಯನ್ನು ದೀಕ್ಷೆಯೆಂದೇ ಒಪ್ಪದೆ ಮತ್ತೆ ದೀಕ್ಷೆ ಪಡೆದರು. ನಗರದ ಆಡಳಿತ ಇದನ್ನು ಅಪರಾಧವೆಂದು ಸಾರಿತು. ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿಯಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಹೊಸ ಹುಟ್ಟಿನ ಸಂಕೇತವಾದ ನೀರೇ ಶಿಕ್ಷೆಯ ಸಾಧನವಾಯಿತು.

1982ರಲ್ಲಿ ಪೆರು ದೇಶದ ಲಿಮಾ ನಗರದಲ್ಲಿ ಸಿದ್ಧವಾದ, ಸಭೆಗಳ ವಿಶ್ವ ಮಂಡಳಿಯ ದಸ್ತಾವೇಜು ಈ ಎರಡೂ ಪದ್ಧತಿಗಳನ್ನು ಗೌರವದಿಂದ ಕಂಡು, ಮರುದೀಕ್ಷೆಯೆಂದು ತೋರುವ ಆಚರಣೆ ಸಲ್ಲದೆಂದಿತು. ಶಿಶುವಿಗೆ ದೀಕ್ಷೆ ಕೊಡುವವರು ಅದು ಮುಂದೆ ಸ್ವಂತ ನಂಬಿಕೆಯಾಗಿ ಬೆಳೆಯಬೇಕೆನ್ನುತ್ತಾರೆ. ವಯಸ್ಕರಿಗೆ ಕೊಡುವವರು ಆ ನಂಬಿಕೆಯೂ ಕೃಪೆಯ ಫಲವೆನ್ನುತ್ತಾರೆ. ನೀರಿನಿಂದ ಎದ್ದು ಬಂದವನ ಬಾಳು ಹೊಸದಾಗಬೇಕೆಂಬಲ್ಲಿ ಉಭಯರಿಗೂ ಭಿನ್ನಮತವಿಲ್ಲ.